ಗಾಳಿ, ಗುಡ್ಡ ಮತ್ತು ದಣಿದ ಕಾಲು

ಗಾಳಿ ಬೀಸುವ ದಿನ ದೂರದ ಊರಿಗೆ ಸೈಕಲ್ ತುಳಿದು ಹೋಗಿ ಬಂದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹೋಗುವಾಗ ಎದುರಿಗಿದ್ದ ಗಾಳಿ ಬರುವಾಗ ಬೆನ್ನಿಗಿರುತ್ತದೆ. ಆದರೂ ಮನೆ ಸೇರುವ ಹೊತ್ತಿಗೆ, ಗಾಳಿಯೇ ಇಲ್ಲದ ದಿನಕ್ಕಿಂತ ಹೆಚ್ಚು ದಣಿವಾಗಿರುತ್ತದೆ. ಗುಡ್ಡ ಹತ್ತಿ ಇಳಿದವರ ಅನುಭವವೂ ಇಂಥದ್ದೇ. ಹತ್ತುವಾಗ ಕೊಟ್ಟ ಶಕ್ತಿಯೆಲ್ಲ ಇಳಿಯುವಾಗ ಮರಳಿ ಬರುವುದಿಲ್ಲ. ಹಾಗಾದರೆ ಅದು ಎಲ್ಲಿ ಹೋಗುತ್ತದೆ?

ಈ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಳ್ಳುವ ಕ್ರೀಡೆಯೊಂದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿದೆ. ಅದೇ ಗುಡ್ಡದ ಓಟ. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಬೋಳುಗುಡ್ಡಕ್ಕೆ 'ಫೆಲ್' ಎನ್ನುತ್ತಾರೆ. ಹಾಗಾಗಿ ಈ ಓಟಕ್ಕೆ 'ಫೆಲ್ ರನ್ನಿಂಗ್' ಎಂಬ ಹೆಸರು. ಅಲ್ಲಿನ ಓಟಗಾರರ ಸಂಘಗಳು ವಾರದ ಕೊನೆಯಲ್ಲಿ ಗುಂಪಾಗಿ ಗುಡ್ಡಗಳ ಮೇಲೆ ಅಭ್ಯಾಸದ ಓಟ ನಡೆಸುತ್ತವೆ. ಹಿಂದಿನ ದಿನವೋ ಅದರ ಹಿಂದಿನ ದಿನವೋ ಓಡಿದ ದಣಿವು ಕಾಲಿನಲ್ಲಿ ಉಳಿದಿರುವಾಗಲೇ ಮತ್ತೆ ಓಡುವುದೂ ಉಂಟು. ನೀವೂ ಅಂಥ ಒಂದು ಗುಂಪಿನಲ್ಲಿ ಇದ್ದೀರಿ ಎಂದು ಭಾವಿಸಿ. ಮೈಯಲ್ಲಿ ಏನೇನು ನಡೆಯುತ್ತದೆ, ಅದರಲ್ಲಿ ಅಪಾಯ ಎಲ್ಲಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೂರ್‌ಲ್ಯಾಂಡ್ ಎಂಬ ನೆಲ

ಮಧ್ಯ ಇಂಗ್ಲೆಂಡಿನಲ್ಲಿ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡು ಇದೆ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದ ಪ್ರದೇಶ ಇದೇ. ಇಲ್ಲಿನ ಅತಿ ಎತ್ತರದ ಜಾಗ ಕಿಂಡರ್ ಸ್ಕೌಟ್. ಅದರ ಎತ್ತರ 636 ಮೀಟರ್ ಮಾತ್ರ. ನಮ್ಮ ಪಶ್ಚಿಮಘಟ್ಟದ ಲೆಕ್ಕದಲ್ಲಿ ಇದು ಸಣ್ಣ ಗುಡ್ಡ. ಆದರೆ ಎತ್ತರ ನೋಡಿ ಇದನ್ನು ಹಗುರವಾಗಿ ಎಣಿಸಬಾರದು. ಅದರ ನೆತ್ತಿ ಚೂಪಾಗಿಲ್ಲ. ವಿಶಾಲವಾದ ಹಾಸುಗಲ್ಲಿನ ಮೇಲೆ ಹರಡಿದ ಬಯಲು. ಗಾಳಿಯನ್ನು ತಡೆಯಲು ಮರಗಳಿಲ್ಲ. ಮೊಣಕಾಲೆತ್ತರದ ಹೆದರ್ ಎಂಬ ಪೊದೆ, ಒರಟು ಹುಲ್ಲು ಮತ್ತು ಅವುಗಳ ಅಡಿಯಲ್ಲಿ ಕಪ್ಪನೆಯ ಪೀಟ್ ಮಣ್ಣು. ಇಂಥ ನೆಲವೇ ಮೂರ್‌ಲ್ಯಾಂಡ್.

ಪೀಟ್ ಎಂದರೆ ಪೂರ್ತಿ ಕೊಳೆಯದೆ ಉಳಿದ ಸಸ್ಯಗಳ ರಾಶಿ. ಸ್ಫ್ಯಾಗ್ನಮ್ ಎಂಬ ಪಾಚಿ ಮತ್ತು ಇತರ ಸಸ್ಯಗಳು ಸತ್ತು, ನೀರು ನಿಂತ ನೆಲದಲ್ಲಿ ಆಮ್ಲಜನಕ ಸಿಗದೆ, ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಶೇಖರವಾಗಿವೆ. ಒದ್ದೆ ಪೀಟಿನ ತೂಕದಲ್ಲಿ ಸುಮಾರು ಶೇಕಡಾ 90 ಭಾಗ ನೀರೇ ಇರುತ್ತದೆ. ಅದರ ಮೇಲೆ ಕಾಲಿಟ್ಟರೆ ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟಂತೆ.

ಗಟ್ಟಿ ನೆಲದಲ್ಲಿ ಓಡುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಮತ್ತು ಪಾದದ ಕಮಾನು ಸ್ಪ್ರಿಂಗಿನಂತೆ ಕೆಲಸ ಮಾಡುತ್ತವೆ. ಪಾದ ನೆಲಕ್ಕೆ ಬಡಿದಾಗ ಹಿಗ್ಗಿ ಶಕ್ತಿಯನ್ನು ಹಿಡಿದಿಡುತ್ತವೆ, ಮರುಕ್ಷಣ ಅದನ್ನು ಮರಳಿಸುತ್ತವೆ. ಮೆತ್ತನೆಯ ನೆಲದಲ್ಲಿ ಈ ಅನುಕೂಲ ಬಹುಪಾಲು ತಪ್ಪಿಹೋಗುತ್ತದೆ. ನೆಲವನ್ನು ಅದುಮುವುದಕ್ಕೇ ಶಕ್ತಿ ಖರ್ಚಾಗುತ್ತದೆ. ಒಣ ಮರಳಿನ ಮೇಲೆ ಓಡಲು ಗಟ್ಟಿ ನೆಲದ ಓಟಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಪೀಟ್ ಮರಳಲ್ಲ ನಿಜ. ಆದರೆ ಹೂತುಹೋಗುವ ಕಾಲನ್ನು ಮೇಲೆತ್ತುವ ಕಷ್ಟದಲ್ಲಿ ಅದರ ಬಂಧುವೇ.

ಹತ್ತಿದ ಸಾಲ ಇಳಿದರೆ ತೀರದು

ಈಗ ಗುಡ್ಡದ ಲೆಕ್ಕಕ್ಕೆ ಬರೋಣ. ಇಟಲಿಯ ಶರೀರವಿಜ್ಞಾನಿ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಹತ್ತು ಮಂದಿ ಪರ್ವತ ಓಟಗಾರರನ್ನು ಓಲಿಸಿದ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವರು ಬಳಸುವ ಆಮ್ಲಜನಕವನ್ನು ಅಳೆದರು. ಸಮತಟ್ಟು ನೆಲದಲ್ಲಿ ಒಂದು ಕಿಲೋಗ್ರಾಂ ದೇಹತೂಕವನ್ನು ಒಂದು ಮೀಟರ್ ಮುಂದೆ ಒಯ್ಯಲು ಸುಮಾರು 3.5 ಜೂಲ್ ಶಕ್ತಿ ಬೇಕಾಯಿತು. ಪ್ರತಿ 5 ಮೀಟರಿಗೆ 1 ಮೀಟರ್ ಏರುವ, ಅಂದರೆ ಶೇಕಡಾ 20ರ ಏರಿನಲ್ಲಿ ಇದು ಸುಮಾರು 9 ಜೂಲ್. ಅಷ್ಟೇ ಇಳಿಜಾರಿನಲ್ಲಿ ಇಳಿಯುವಾಗ ಸುಮಾರು 1.8 ಜೂಲ್.

ಕೂಡಿ ನೋಡಿ. ಒಂದು ಮೀಟರ್ ಹತ್ತಿ ಒಂದು ಮೀಟರ್ ಇಳಿದರೆ 10.8 ಜೂಲ್. ಅದೇ ಎರಡು ಮೀಟರ್ ಸಮತಟ್ಟಿನಲ್ಲಿ 7 ಜೂಲ್. ಹತ್ತಿಳಿಯುವ ದಾರಿಗೆ ಒಂದೂವರೆ ಪಟ್ಟು ಬೆಲೆ. ಇಳಿಯುವುದು ಅಗ್ಗವಾಗುವುದಕ್ಕೂ ಒಂದು ಮಿತಿ ಇದೆ. ಶೇಕಡಾ 20ರ ಇಳಿಜಾರಿನ ಹತ್ತಿರ ಖರ್ಚು ಅತಿ ಕಡಿಮೆ. ಅದಕ್ಕಿಂತ ಕಡಿದಾದರೆ ಮತ್ತೆ ಏರತೊಡಗುತ್ತದೆ. ಏಕೆಂದರೆ ಆಗ ಸ್ನಾಯುಗಳು ದೇಹವನ್ನು ಮುಂದೂಡುವ ಬದಲು ಬ್ರೇಕ್ ಹಾಕುವ ಕೆಲಸದಲ್ಲಿ ತೊಡಗಿರುತ್ತವೆ.

ಗಾಳಿ ಕಟ್ಟುವ ಗುಡ್ಡ

ಗಾಳಿಯ ರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಇಲ್ಲಿ ವೇಗವೆಂದರೆ ನಿಮ್ಮ ವೇಗವಷ್ಟೇ ಅಲ್ಲ, ನಿಮಗೂ ಗಾಳಿಗೂ ನಡುವಿನ ಸಾಪೇಕ್ಷ ವೇಗ. ಅದು ಎರಡು ಪಟ್ಟಾದರೆ ರೋಧ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಲೆಕ್ಕ ಮಾಡಿ ನೋಡೋಣ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ. ಗಾಳಿಗೆ ಒಡ್ಡಿದ ನಿಮ್ಮ ಮೈ ಸುಮಾರು ಅರ್ಧ ಚದರ ಮೀಟರ್. ರೋಧ ಗುಣಾಂಕ 0.9 ಎಂದು ಇಟ್ಟುಕೊಳ್ಳಿ. ಸಾಂದ್ರತೆಯ ಅರ್ಧ, ವಿಸ್ತೀರ್ಣ ಮತ್ತು ಗುಣಾಂಕ ಇವುಗಳ ಗುಣಲಬ್ಧ 0.27. ಇದನ್ನು ಸಾಪೇಕ್ಷ ವೇಗದ ವರ್ಗದಿಂದ ಗುಣಿಸಿದರೆ ಬಲ ನ್ಯೂಟನ್‌ಗಳಲ್ಲಿ ಸಿಗುತ್ತದೆ. ನೀವು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಓಡುತ್ತಿದ್ದೀರಿ. ಗಾಳಿ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಬೀಸುತ್ತಿದೆ.

ಗಾಳಿ ಇಲ್ಲದಾಗ: ಸಾಪೇಕ್ಷ ವೇಗ 3, ರೋಧ ಸುಮಾರು 2.4 ನ್ಯೂಟನ್.
ಎದುರುಗಾಳಿಯಲ್ಲಿ: ಸಾಪೇಕ್ಷ ವೇಗ 13, ರೋಧ ಸುಮಾರು 46 ನ್ಯೂಟನ್.
ಬೆನ್ನುಗಾಳಿಯಲ್ಲಿ: ಸಾಪೇಕ್ಷ ವೇಗ 7, ಮುಂದಕ್ಕೆ ನೂಕುವ ಬಲ ಸುಮಾರು 13 ನ್ಯೂಟನ್.

ಸೈಕಲ್ ಸವಾರನ ಒಗಟಿಗೆ ಉತ್ತರ ಇಲ್ಲಿದೆ. ಗಾಳಿ ಕಸಿಯುವಾಗ 46, ಕೊಡುವಾಗ 13. ಇನ್ನೊಂದು ಬಗೆಯಲ್ಲಿಯೂ ಇದನ್ನು ನೋಡಬಹುದು. ನಿಮ್ಮ ತೂಕ 60 ಕಿಲೋಗ್ರಾಂ ಆದರೆ ಗುರುತ್ವ ಬಲ ಸುಮಾರು 588 ನ್ಯೂಟನ್. 46 ನ್ಯೂಟನ್ ಅದರ ಹದಿಮೂರನೆಯ ಒಂದು ಭಾಗ. ಅಂದರೆ ಸಮತಟ್ಟು ನೆಲದಲ್ಲಿ ಆ ಗಾಳಿಗೆ ಎದುರಾಗಿ ಓಡುವುದು, ಪ್ರತಿ 13 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಓಡಿದ ಹಾಗೆ. ನಕಾಶೆಯಲ್ಲಿ ಇಲ್ಲದ ಗುಡ್ಡವೊಂದನ್ನು ಗಾಳಿ ನಿಮ್ಮ ಮುಂದೆ ಕಟ್ಟಿ ನಿಲ್ಲಿಸಿರುತ್ತದೆ.

ಮುಂದಿನವರ ಮರೆಯಲ್ಲಿ

ಓಟಗಾರನ ಮೇಲೆ ಗಾಳಿಯ ರೋಧ ಎಷ್ಟು ಎಂಬ ಪ್ರಶ್ನೆ ಹಳೆಯದು. ಸ್ನಾಯುಗಳ ಸಂಶೋಧನೆಗಾಗಿ 1922ರ ನೊಬೆಲ್ ಪ್ರಶಸ್ತಿ ಪಡೆದ ಎ.ವಿ. ಹಿಲ್ 1928ರಲ್ಲಿ ಓಟಗಾರನ ಪುಟ್ಟ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ಇದನ್ನು ಅಂದಾಜು ಮಾಡಿದ್ದರು. ಜೀವಂತ ಓಟಗಾರರ ಮೇಲೆ ಈ ಅಳತೆ ನಡೆಸಿದವರು ಬ್ರಿಟನ್ನಿನ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ. ಎವರೆಸ್ಟ್ ಶಿಖರವನ್ನು ಮೊದಲ ಬಾರಿಗೆ ಏರಿದ 1953ರ ತಂಡದಲ್ಲಿ ಶರೀರವಿಜ್ಞಾನಿಯಾಗಿ ಇದ್ದವರೂ ಇವರೇ.

1971ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ಯೂ, ಗಾಳಿ ಬೀಸುವ ಕೋಣೆಯಲ್ಲಿ ಟ್ರೆಡ್‌ಮಿಲ್ ಇಟ್ಟು ಓಟಗಾರರ ಆಮ್ಲಜನಕ ಬಳಕೆಯನ್ನು ಅಳೆದರು. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ, ಮತ್ತೊಬ್ಬನ ಹಿಂದೆ ಸುಮಾರು ಒಂದು ಮೀಟರ್ ಅಂತರದಲ್ಲಿ ಓಡಿದರೆ ಆಮ್ಲಜನಕದ ಬಳಕೆ ಶೇಕಡಾ 6.5ರಷ್ಟು ತಗ್ಗಿತು. ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡಾ 80 ಭಾಗ ಉಳಿತಾಯವಾಗಿತ್ತು.

ನಮ್ಮ ಲೆಕ್ಕದ 46 ನ್ಯೂಟನ್‌ಗೆ ಇದನ್ನು ಅನ್ವಯಿಸಿದರೆ, ಹಿಂದಿನವನಿಗೆ ಉಳಿಯುವುದು ಸುಮಾರು 9 ನ್ಯೂಟನ್. ಇದು ಚಿಕ್ಕ ಲಾಭವಲ್ಲ. ಆದರೆ ಮೂರ್‌ಲ್ಯಾಂಡಿನ ಗಾಳಿ ಪ್ರಯೋಗಾಲಯದ ಗಾಳಿಯಂತೆ ನೇರವಾಗಿ, ಒಂದೇ ಸಮನೆ ಬೀಸುವುದಿಲ್ಲ. ಓರೆಯಾಗಿ ಬಂದಾಗ ಮರೆಯೂ ಓರೆಯಾಗಿ ಸರಿಯುತ್ತದೆ. ಆಗ ಮುಂದಿನವರ ಬೆನ್ನ ಹಿಂದೆ ಅಲ್ಲ, ಗಾಳಿ ಹೋಗುವ ದಿಕ್ಕಿನ ಪಕ್ಕಕ್ಕೆ ಸರಿದು ಓಡಬೇಕು. ಹೆದರ್ ಪೊದೆಗಳ ನಡುವಿನ ಕಾಲುದಾರಿ ಒಬ್ಬರಿಗಷ್ಟೇ ಅಗಲವಿದ್ದರೆ ಅದೂ ಸಾಧ್ಯವಾಗುವುದಿಲ್ಲ. ಕಲ್ಲು ಕೊರಕಲು ಕಾಣಬೇಕಾದರೆ ಮುಂದಿನವರಿಗೆ ತೀರ ಅಂಟಿಕೊಂಡು ಓಡುವಂತೆಯೂ ಇಲ್ಲ. ಹೀಗಾಗಿ ಮುಂದಾಳು ಆಗಾಗ ಬದಲಾಗುವುದು ಒಳ್ಳೆಯದು. ಅತಿ ಹೆಚ್ಚು ದಣಿದವರನ್ನು ನಡುವೆ ಇಟ್ಟುಕೊಳ್ಳಬೇಕು.

ದಣಿದ ಕಾಲು ಎಂದರೇನು?

'ಕಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ' ಎಂಬ ಮಾತನ್ನು ನೀವು ಕೇಳಿರಬಹುದು. ಮಾರನೆಯ ದಿನದ ನೋವಿಗೆ ಅದು ಕಾರಣವಲ್ಲ. ಜೋರಾಗಿ ಓಡಿದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಒಂದೆರಡು ಗಂಟೆಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ನೋವಾದರೋ ಒಂದರಿಂದ ಮೂರು ದಿನಗಳ ನಡುವೆ ಅತಿ ಹೆಚ್ಚಾಗಿರುತ್ತದೆ.

ನಿಜವಾದ ಕಾರಣ ಬಹುಪಾಲು ಇಳಿಜಾರಿನಲ್ಲಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಬಿಗಿದುಕೊಂಡಿರುವಾಗಲೇ ಎಳೆಯಲ್ಪಡುತ್ತವೆ. ಬ್ರೇಕ್ ಹಾಕುವ ಈ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕು. 1952ರಲ್ಲಿ ಲಂಡನ್ನಿನ ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನಾಗಿ ನಿಲ್ಲಿಸಿ ಸರಪಣಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ಪೆಡಲನ್ನು ತಡೆಯಬೇಕು. ತಡೆಯುವವರ ಆಮ್ಲಜನಕ ಬಳಕೆ ತುಳಿಯುವವರಿಗಿಂತ ಬಹಳ ಕಡಿಮೆ ಇತ್ತು. ಆದರೆ ಈ ಅಗ್ಗದ ಕೆಲಸಕ್ಕೆ ಬೇರೊಂದು ಬೆಲೆ ಇದೆ. ಕಡಿಮೆ ಸಂಖ್ಯೆಯ ಸ್ನಾಯುತಂತುಗಳ ಮೇಲೆ ಹೆಚ್ಚಿನ ಎಳೆತ ಬೀಳುತ್ತದೆ. ಅವುಗಳ ಒಳರಚನೆಯಲ್ಲಿ ಸೂಕ್ಷ್ಮ ಹರಕುಗಳಾಗುತ್ತವೆ. ಅವು ವಾಸಿಯಾಗುವವರೆಗೆ ನೋವು ಇರುತ್ತದೆ, ಸ್ನಾಯುವಿನ ಬಲವೂ ತಗ್ಗಿರುತ್ತದೆ.

ಎರಡನೆಯ ಕಾರಣ ಇಂಧನದ ಕೊರತೆ. ಸ್ನಾಯುಗಳು ಮತ್ತು ಯಕೃತ್ತು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತವೆ. ದೀರ್ಘ ಓಟದಲ್ಲಿ ಇದು ಬರಿದಾಗುತ್ತದೆ. ಅನ್ನ, ರೊಟ್ಟಿ, ಆಲೂಗಡ್ಡೆಯಂಥ ಪಿಷ್ಟದ ಆಹಾರ ಸಾಕಷ್ಟು ಸಿಕ್ಕಿದರೂ ಮತ್ತೆ ತುಂಬಿಕೊಳ್ಳಲು ಸುಮಾರು ಒಂದು ದಿನ ಬೇಕು. ಹರಕು ಬಿದ್ದ ಸ್ನಾಯುಗಳಿಗೆ ಇನ್ನೂ ಹೆಚ್ಚು ಕಾಲ.

ಇಂಥ ಕಾಲುಗಳಿಂದ ಓಡಿದರೆ ಏನಾಗುತ್ತದೆ? ಹೆಜ್ಜೆ ಗಿಡ್ಡವಾಗುತ್ತದೆ. ಪಾದ ಸಾಕಷ್ಟು ಮೇಲೇಳದೆ ಹೆದರ್ ಬೇರಿಗೋ ಕಲ್ಲಿಗೋ ಎಡವುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವೇಗ ತಗ್ಗುತ್ತದೆ. 'ನಿಧಾನವಾಗಿ ಹೋದರಾಯಿತು, ಏನು ಮಹಾ' ಎಂದು ನಿಮಗೆ ಅನ್ನಿಸಬಹುದು. ಬಿಸಿಲಿನ ನಾಡಿನಲ್ಲಿ ಆ ಮಾತು ನಡೆಯುತ್ತದೆ. ಗಾಳಿ ಬೀಸುವ ಒದ್ದೆ ಗುಡ್ಡದಲ್ಲಿ ನಡೆಯುವುದಿಲ್ಲ.

ಉಷ್ಣದ ಜಮಾಖರ್ಚು

ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಉಷ್ಣವಾಗಿ ಮಾರ್ಪಡುತ್ತದೆ. 60 ಕಿಲೋಗ್ರಾಂ ತೂಕದವರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಓಡುವಾಗ ದೇಹ ಬಳಸುವ ಶಕ್ತಿ 600 ವಾಟ್‌ಗೂ ಹೆಚ್ಚು. ನಿಧಾನದ ನಡಿಗೆಗೆ ಇಳಿದರೆ ಇದು 200ರಿಂದ 300 ವಾಟ್. ಸುಮ್ಮನೆ ನಿಂತರೆ 100 ವಾಟ್‌ನ ಆಸುಪಾಸು. ಇದು ಜಮೆಯ ಬದಿ.

ಇನ್ನು ಖರ್ಚು. ಎತ್ತರ ಪ್ರತಿ ಕಿಲೋಮೀಟರ್ ಹೆಚ್ಚಿದಂತೆ ಗಾಳಿಯ ತಾಪ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದ್ದರಿಂದ ಸಮುದ್ರಮಟ್ಟಕ್ಕಿಂತ 600 ಮೀಟರ್ ಮೇಲಿನ ಗುಡ್ಡದ ನೆತ್ತಿ ಸುಮಾರು 4 ಡಿಗ್ರಿ ತಣ್ಣಗಿರುತ್ತದೆ. ಅದರ ಮೇಲೆ ಗಾಳಿ. ಮೈಗೆ ಅಂಟಿಕೊಂಡ ಬೆಚ್ಚನೆಯ ಗಾಳಿಯ ಪದರವನ್ನು ಅದು ಒಂದೇ ಸಮನೆ ಹೊತ್ತೊಯ್ಯುತ್ತದೆ. ಕೆನಡಾ ಮತ್ತು ಅಮೆರಿಕಗಳು 2001ರಲ್ಲಿ ಅಳವಡಿಸಿಕೊಂಡ ಸೂತ್ರದ ಪ್ರಕಾರ, 5 ಡಿಗ್ರಿ ತಾಪದಲ್ಲಿ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು 0 ಡಿಗ್ರಿಯಂತೆ ತೋರುತ್ತದೆ.

ಇಷ್ಟೂ ಒಣ ಮೈಯ ಮಾತು. ಮಳೆಗೋ ಬೆವರಿಗೋ ಬಟ್ಟೆ ಒದ್ದೆಯಾದರೆ ಲೆಕ್ಕವೇ ಬದಲಾಗುತ್ತದೆ. ಬಟ್ಟೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಜಾಗದಲ್ಲಿ ನೀರು ತುಂಬಿದರೆ ಉಷ್ಣ ಸಲೀಸಾಗಿ ಹೊರಗೆ ಹರಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬೇಕು. ಬಟ್ಟೆಯಿಂದ ಗಂಟೆಗೆ ಅರ್ಧ ಲೀಟರ್ ನೀರು ಆರಿದರೆ ಅದಕ್ಕೆ ಬೇಕಾಗುವ ಉಷ್ಣ 330 ವಾಟ್‌ಗೂ ಮಿಗಿಲು. ಅದರಲ್ಲಿ ಒಂದಷ್ಟು ಸುತ್ತಲಿನ ಗಾಳಿಯಿಂದ ಬಂದರೂ ಉಳಿದದ್ದನ್ನು ನಿಮ್ಮ ಮೈಯೇ ಕೊಡಬೇಕು.

ಓಡುತ್ತಿರುವವರೆಗೆ 600 ವಾಟ್ ಜಮೆ ಇದೆ, ಲೆಕ್ಕ ಸರಿದೂಗುತ್ತದೆ. ಕಾಲು ಸೋತು ನಡಿಗೆಗೆ ಇಳಿದ ಗಳಿಗೆಯಿಂದ ಜಮೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಖರ್ಚು ಮಾತ್ರ ಹಾಗೆಯೇ ಇರುತ್ತದೆ. ಆಗ ದೇಹ ನಡುಗಿ ಉಷ್ಣ ಉತ್ಪಾದಿಸುತ್ತದೆ. ನಡುಕಕ್ಕೂ ಬೇಕಾದದ್ದು ಅದೇ ಗ್ಲೈಕೋಜನ್. ಅದು ಮೊದಲೇ ಬರಿದಾಗಿದ್ದರೆ? ದೇಹದ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗೆ ಇಳಿಯುವ ಹೈಪೋಥರ್ಮಿಯಾ ಸ್ಥಿತಿಗೆ ದಾರಿಯಾಗುತ್ತದೆ.

1964ರ ಪಾಠ

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 1964ರ ಮಾರ್ಚ್ 14 ಮತ್ತು 15ರಂದು ಇದೇ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ 'ಫೋರ್ ಇನ್ಸ್' ಎಂಬ ದೀರ್ಘ ನಡಿಗೆಯ ಸ್ಪರ್ಧೆ ನಡೆಯಿತು. ಭಾಗವಹಿಸಿದವರು ರೋವರ್ ಸ್ಕೌಟ್ ತಂಡಗಳ ತರುಣರು. ಮಳೆ ಮತ್ತು ಬಿರುಗಾಳಿಗೆ ಸಿಕ್ಕಿ ಬಹುಪಾಲು ಮಂದಿ ನಡುವೆಯೇ ಬಿಟ್ಟರು. ಮೂವರು ಯುವಕರು ಗುಡ್ಡದಲ್ಲೇ ಚಳಿಗೆ ಪ್ರಾಣ ಬಿಟ್ಟರು. ಆ ಪ್ರದೇಶದ ಪರ್ವತ ರಕ್ಷಣಾ ತಂಡಗಳು ಒಂದೇ ಸಂಘಟನೆಯಡಿ ಸೇರಿದ್ದು ಇದಾದ ಬಳಿಕ, ಅದೇ ವರ್ಷ.

ಈ ಸಾವುಗಳನ್ನು ಪರಿಶೀಲಿಸಿದವರೂ ಗ್ರಿಫಿತ್ ಪ್ಯೂ ಅವರೇ. ಬಳಿಕ ಅವರು ಒದ್ದೆ ಬಟ್ಟೆ ತೊಟ್ಟವರನ್ನು ತಣ್ಣನೆಯ ಗಾಳಿ ಬೀಸುವ ಕೋಣೆಯಲ್ಲಿ ಸೈಕಲ್ ತುಳಿಸಿ ನೋಡಿದರು. ಜೋರಾಗಿ ತುಳಿಯುತ್ತಿರುವಾಗ ದೇಹತಾಪ ಉಳಿಯುತ್ತಿತ್ತು. ನಿಧಾನವಾಗಿ ತುಳಿಯುವಾಗ ನಡುಕ ಶುರುವಾಗಿ ಆಮ್ಲಜನಕದ ಬಳಕೆ ಏರಿದರೂ ದೇಹತಾಪ ಇಳಿಯುತ್ತಿತ್ತು. ಗುಡ್ಡದಲ್ಲಿ ಜೀವ ತೆಗೆಯುವುದು ಬರೀ ಚಳಿಯಲ್ಲ. ಚಳಿ, ಗಾಳಿ, ಒದ್ದೆ, ದಣಿವು ಇವು ನಾಲ್ಕೂ ಕೂಡಿದಾಗ ಅಪಾಯ. ತಾಪ ಸೊನ್ನೆಗೆ ಇಳಿಯಬೇಕೆಂದೂ ಇಲ್ಲ.

ಗುಂಪು ಮಾಡಬೇಕಾದ ಕೆಲಸ

ಹಾಗೆಂದು ದಣಿದ ಕಾಲಿನಿಂದ ಓಡಲೇಬಾರದೇ? ಹಾಗೇನೂ ಇಲ್ಲ. ಇಳಿಜಾರಿನ ಓಟಕ್ಕೆ ಒಮ್ಮೆ ನೊಂದ ಸ್ನಾಯುಗಳು, ವಾಸಿಯಾದ ಬಳಿಕ ಅದೇ ಕೆಲಸಕ್ಕೆ ಮೊದಲಿನಷ್ಟು ನೋಯುವುದಿಲ್ಲ. ಹದವರಿತು ಓಡಿದರೆ ದೇಹ ಗಟ್ಟಿಯಾಗುತ್ತದೆ. ಆದರೆ ಹದ ತಪ್ಪಿದ್ದು ದಣಿದವರಿಗೇ ಮೊದಲು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಓಡುವವರಿಗೆ ಗೊತ್ತಾಗುತ್ತದೆ. ಗುಂಪಿನ ನಿಜವಾದ ಉಪಯೋಗ ಇದು.

ಮಾತನಾಡುತ್ತಿದ್ದವರು ಸುಮ್ಮನಾದರೆ, ಕಾರಣವಿಲ್ಲದೆ ಸಿಡುಕಿದರೆ, ಪದೇ ಪದೇ ಎಡವಿದರೆ, ಮಾತು ತೊದಲಿದರೆ, ಅಂಗಿಯ ಜಿಪ್ ಎಳೆಯಲು ಬೆರಳು ಬಾರದಿದ್ದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. ದೇಹತಾಪ ಕುಸಿಯುತ್ತಿರುವ ಗುರುತುಗಳಿವು. ತಕ್ಷಣ ಗಾಳಿ ತಾಗದ ಬಂಡೆಯ ಮರೆಗೆ ಕರೆದೊಯ್ಯಿರಿ. ಸಾಧ್ಯವಾದರೆ ಒಣ ಬಟ್ಟೆ ಹಾಕಿಸಿ, ಇಲ್ಲವೇ ಒದ್ದೆಯ ಮೇಲೆಯೇ ಗಾಳಿ ತಡೆಯುವ ಹೊದಿಕೆ ಹೊದಿಸಿ. ಎಚ್ಚರವಿದ್ದು ನುಂಗಲು ಶಕ್ತರಾಗಿದ್ದರೆ ಸಿಹಿ ತಿನ್ನಿಸಿ. ಅತ್ಯಂತ ಹತ್ತಿರದ ದಾರಿಯಲ್ಲಿ ಕೆಳಗಿಳಿಸಿ. ಒಬ್ಬರನ್ನೇ ಕಳುಹಿಸಬೇಡಿ. ನಡೆಯಲಾರದ ಸ್ಥಿತಿಯಲ್ಲಿದ್ದರೆ ಬಲವಂತವಾಗಿ ನಡೆಸದೆ ರಕ್ಷಣಾ ತಂಡವನ್ನು ಕರೆಸಿ. ಬ್ರಿಟನ್ನಿನ ಗುಡ್ಡಗಳಲ್ಲಿ ಸಹಾಯ ಕೋರುವ ಸಂಕೇತವೆಂದರೆ ನಿಮಿಷಕ್ಕೆ ಆರು ಬಾರಿ ಸೀಟಿ ಊದುವುದು, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು.

ಅಲ್ಲಿನ ಗುಡ್ಡದ ಓಟಗಾರರಲ್ಲಿ ಇರುವ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಬೇಗ ಓಡುವವರು ನೆತ್ತಿ ಮುಟ್ಟಿ ಹಿಂದಿನವರಿಗಾಗಿ ಗಾಳಿಯಲ್ಲಿ ನಿಂತು ಕಾಯುವುದಿಲ್ಲ. ಹಿಂದಕ್ಕೆ ಓಡಿ, ಕೊನೆಯವರನ್ನು ಸುತ್ತಿ ಬಂದು ಜೊತೆಗೂಡುತ್ತಾರೆ. ಇದರಲ್ಲಿ ಸೌಜನ್ಯವಷ್ಟೇ ಅಲ್ಲ, ಮೇಲಿನ ಲೆಕ್ಕವೂ ಇದೆ. ನಿಂತರೆ 100 ವಾಟ್, ಓಡಿದರೆ 600. ಮುಂದಿನವರು ಬೆಚ್ಚಗಿರುತ್ತಾರೆ, ಕೊನೆಯವರು ಒಂಟಿಯಾಗುವುದಿಲ್ಲ.

ದಾರಿ ಆರಿಸುವಾಗಲೂ ಈ ಲೆಕ್ಕವನ್ನು ನೆನಪಿಡಿ. ಎದುರುಗಾಳಿಯ ಪಾಲನ್ನು ಕಾಲಿನಲ್ಲಿ ಕಸುವಿರುವ ಮೊದಲ ಅರ್ಧದಲ್ಲಿ ಮುಗಿಸಿ. ಬೆವರಿ ಒದ್ದೆಯಾದ ಮೇಲೆ ಬೆನ್ನುಗಾಳಿಯಲ್ಲಿ ಮರಳುವುದು ಲೇಸು. ಏರಿನಲ್ಲಿ ಬೆವರು ಸುರಿಯುವ ಮೊದಲೇ ಒಂದು ಪದರ ಬಟ್ಟೆ ಕಳಚಿ. ನೆತ್ತಿ ತಲುಪುವ ಮೊದಲೇ ಅದನ್ನು ಮತ್ತೆ ತೊಟ್ಟುಕೊಳ್ಳಿ. ಗಾಳಿ ಮಳೆ ತಡೆಯುವ ಅಂಗಿ, ಷರಾಯಿ, ನಕಾಶೆ, ದಿಕ್ಸೂಚಿ, ಸೀಟಿ, ಒಂದಿಷ್ಟು ತಿನಿಸು ಇವು ಬೆನ್ನಚೀಲದಲ್ಲಿ ಇರಲೇಬೇಕು.

ಮಳೆಗಾಲದಲ್ಲಿ ಮುಳ್ಳಯ್ಯನಗಿರಿಯನ್ನೋ ಕುಮಾರಪರ್ವತವನ್ನೋ ಹತ್ತುವವರಿಗೂ ಈ ಮಾತು ಹೊರತಲ್ಲ. ಅಲ್ಲಿ ಪೀಟ್ ಇಲ್ಲ, ಇಂಗ್ಲೆಂಡಿನ ಚಳಿಯೂ ಇಲ್ಲ. ಆದರೆ ಮರವಿಲ್ಲದ ಹುಲ್ಲುನೆತ್ತಿ, ಬಿರುಗಾಳಿ, ನೆನೆದ ಬಟ್ಟೆ, ಸೋತ ಕಾಲು ಇವೆಲ್ಲ ಇವೆ. ಮುಂದಿನ ಸಲ ಅಂಥ ನೆತ್ತಿಗೆ ಗುಂಪಾಗಿ ಹೋದಾಗ, ಯಾರು ಎಲ್ಲರಿಗಿಂತ ಮುಂದಿದ್ದಾರೆ ಎಂದು ನೋಡುವ ಮೊದಲು ಯಾರು ಹಿಂದೆ ಉಳಿದಿದ್ದಾರೆ ಎಂದು ತಿರುಗಿ ನೋಡಿ.